ಹೆಸರಿನ ಪಕ್ಕದ ಪದ

ರಾಯಚೂರಿನಲ್ಲಿ ನಾನು ಕೆಲಸ ಮಾಡುತ್ತಿದ್ದ ಕಂಪ್ಯೂಟರ್ ಕೋಣೆ ಮಹಡಿಯ ಮೇಲಿತ್ತು. ಮೆಟ್ಟಿಲು ತಿರುಗುವ ಮೂಲೆಗಳಲ್ಲಿ ಎಲೆ ಅಡಿಕೆ ಉಗುಳಿ ಉಗುಳಿ ಗೋಡೆ ಮೊಣಕಾಲೆತ್ತರದವರೆಗೆ ಕೆಂಪಾಗಿತ್ತು. ಇಲ್ಲಿ ಉಗುಳಬಾರದು ಎಂದು ಬರೆಸಿದ್ದ ತಗಡಿನ ಮೇಲೂ ಉಗುಳಿದ್ದರು. ಸೆರಗನ್ನು ಮೂಗಿಗೆ ಹಿಡಿದು ಮೇಲೆ ಹತ್ತಿ, ಚಪ್ಪಲಿ ಬಿಟ್ಟು, ಗಾಜಿನ ಬಾಗಿಲು ತಳ್ಳಿದರೆ ಒಳಗೆ ಮಾತ್ರ ಒಂದು ಧೂಳಿನ ಕಣವೂ ಇರುತ್ತಿರಲಿಲ್ಲ. ಊರಿಗೆ ಊರೇ ಬಿಸಿಲಿನಲ್ಲಿ ಬೇಯುವಾಗ ನಾವು ಒಳಗೆ ಶಾಲು ಹೊದ್ದು ಕುಳಿತಿರುತ್ತಿದ್ದೆವು. ಯಂತ್ರಕ್ಕೆ ಸೆಕೆಯಾಗಬಾರದಲ್ಲ.

ಅದು ಎಂಬತ್ತರ ದಶಕದ ಕೊನೆ. ನಾನು ಮಾನ್ವಿ ತಾಲೂಕಿನ ಕಲ್ಲೂರಿನವಳು. ಅವ್ವ ಕಾಲುವೆ ಕೆಳಗಿನ ಗದ್ದೆಗಳಲ್ಲಿ ನಾಟಿಗೆ ಹೋಗುವವಳು. ನಾನು ರಾಯಚೂರಿನ ಹಾಸ್ಟೆಲ್ಲಿನಲ್ಲಿದ್ದುಕೊಂಡು ಬಿ.ಎಸ್ಸಿ. ಮುಗಿಸಿ, ಹೈದರಾಬಾದಿನಲ್ಲಿ ಕೆಲವು ತಿಂಗಳು ಪ್ರೋಗ್ರಾಂ ಬರೆಯುವುದನ್ನು ಕಲಿತು ಬಂದಿದ್ದೆ. ಕೋಣೆಯಲ್ಲಿ ಪ್ರೋಗ್ರಾಂ ಬರೆಯಲು ಬರುತ್ತಿದ್ದವಳು ನಾನೊಬ್ಬಳೇ. ಅರ್ಜಿಗಳನ್ನು ನೋಡಿ ಯಂತ್ರಕ್ಕೆ ತುಂಬಿಸಲು ಇನ್ನೊಬ್ಬರಿದ್ದರು. ರಾಯಚೂರಿನವರೇ, ನನಗಿಂತ ಹದಿನೈದು ವರ್ಷಕ್ಕೆ ಹಿರಿಯರು. ಮನೆಮಾತು ಉರ್ದು; ಅಕ್ಕ ಎನ್ನುವಂತೆ ಅವರನ್ನು ನಾನು ಆಪಾ ಎನ್ನುತ್ತಿದ್ದೆ. ನಮ್ಮಿಬ್ಬರ ಮೇಲೆ ಒಬ್ಬ ಮೇಲಧಿಕಾರಿ. ಪ್ರೋಗ್ರಾಂ ಎಂದರೇನೆಂದು ಅವರಿಗೆ ಗೊತ್ತಿರಲಿಲ್ಲ. ಆದರೆ ಕೋಣೆಯ ಬೀಗದ ಕೈ ಅವರ ಹತ್ತಿರವಿತ್ತು.

ಬೇರೆ ಬೇರೆ ಇಲಾಖೆಯವರು ತಮ್ಮ ಅರ್ಜಿಗಳನ್ನು ಗಂಟು ಕಟ್ಟಿ ನಮಗೆ ಕಳಿಸುತ್ತಿದ್ದರು. ನಾವು ಪಟ್ಟಿ ಮಾಡಿ, ಉದ್ದನೆಯ ಕಾಗದದ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಮುದ್ರಿಸಿ ತಿರುಗಿ ಕಳಿಸುತ್ತಿದ್ದೆವು. ಆ ವರ್ಷ ಮೂರು ಕೆಲಸ ನಡೆದಿದ್ದವು. ಹಾಸ್ಟೆಲ್ ಸೇರುವ ಮಕ್ಕಳ ಪಟ್ಟಿ ಒಂದು. ಮಾನ್ವಿ ಕಡೆಯ ಹಳ್ಳಿಗಳಲ್ಲಿ ಕುಡಿಯುವ ನೀರಿನ ನಳಕ್ಕೆ ಅರ್ಜಿ ಹಾಕಿದವರ ಪಟ್ಟಿ ಇನ್ನೊಂದು. ದೇವದುರ್ಗದಲ್ಲಿ ಅಂಗನವಾಡಿ ಕೆಲಸಕ್ಕೆ ಅರ್ಜಿ ಹಾಕಿದ ಹೆಂಗಸರದು ಮೂರನೆಯದು. ಮೂರಕ್ಕೂ ಬೇರೆ ಬೇರೆ ಪ್ರೋಗ್ರಾಂ. ಮೂರರಲ್ಲೂ ಒಂದೇ ಕಾಟ: ಹೆಸರುಗಳು. ನಮ್ಮ ಕಡೆ ಹೆಸರು ಬರೆಯುವುದೆಂದರೆ ತನ್ನ ಹೆಸರು, ತಂದೆಯದೋ ಗಂಡನದೋ ಹೆಸರು, ಊರು, ಎಲ್ಲ ಸೇರಿ ಒಂದು ಸಾಲು. ಆ ಸಾಲು ಕಾಗದದ ಅಂಚಿಗೆ ಬಂದು ಕತ್ತರಿಸಿ ಹೋಗುತ್ತಿತ್ತು. ದೇವಸುಗೂರು ಎನ್ನುವುದು ‘ದೇವಸು’ ಎಂದು ನಿಂತುಬಿಡುತ್ತಿತ್ತು. ಒಂದು ಪ್ರೋಗ್ರಾಂನಲ್ಲಿ ಅದನ್ನು ತಿದ್ದಿ ನಿಟ್ಟುಸಿರು ಬಿಡುವಷ್ಟರಲ್ಲಿ ಉಳಿದೆರಡರಲ್ಲಿ ಅದೇ ತಪ್ಪು ಹಲ್ಲು ಕಿರಿಯುತ್ತಿತ್ತು.

ಬೇಸತ್ತು ನಾನೊಂದು ಉಪಾಯ ಮಾಡಿದೆ. ಹೆಸರಿನ ಸಾಲು ಹೊಂದಿಸುವ ಕೆಲಸವನ್ನಷ್ಟೇ ಮಾಡುವ ಒಂದು ಸಣ್ಣ ತುಣುಕನ್ನು ಬೇರೆಯಾಗಿ ಬರೆದಿಟ್ಟೆ. ಅಂಥ ತುಣುಕಿಗೆ ರೂಟೀನ್ ಎನ್ನುತ್ತಿದ್ದೆವು. ಮೂರು ಪ್ರೋಗ್ರಾಂಗಳಿಗೂ ಹೆಸರು ಬರೆಯುವ ಹೊತ್ತು ಬಂದಾಗ ಈ ರೂಟೀನನ್ನು ಕರೆಯಬೇಕು, ಕೆಲಸ ಮಾಡಿಸಿಕೊಂಡು ಮುಂದೆ ಹೋಗಬೇಕು, ಅಷ್ಟೆ. ಕಲ್ಲೂರಿನ ನಮ್ಮ ಕೇರಿಯಲ್ಲಿ ನಾಲ್ಕು ಮನೆಗೆ ಒಂದೇ ಬೀಸುವ ಕಲ್ಲಿತ್ತು; ಜೋಳ ಅವರವರದು, ಕಲ್ಲು ಎಲ್ಲರದು. ನನಗೆ ಇದೇನೂ ಹೊಸ ವಿದ್ಯೆ ಅನ್ನಿಸಲಿಲ್ಲ. ಆದರೆ ಹೆಮ್ಮೆಯಾಗಿತ್ತು, ಸುಳ್ಳು ಹೇಳುವುದಿಲ್ಲ. ಒಂದು ಕಡೆ ತಿದ್ದಿದರೆ ಮೂರು ಕಡೆ ನೆಟ್ಟಗಾಗುವುದನ್ನು ನೋಡಿ ಆಪಾ ಕೂಡ ಚಪ್ಪಾಳೆ ತಟ್ಟಿದ್ದರು.

ಆಗ ಮೇಲಧಿಕಾರಿ ಒಂದು ಮಾತು ಸೇರಿಸಿದರು. ಹಾಸ್ಟೆಲ್ ಪಟ್ಟಿಯಲ್ಲಿ ಮೀಸಲಾತಿಗಾಗಿ ಜಾತಿ ಬೇಕಿತ್ತು. ಮೂರೂ ಕೆಲಸದ ಅರ್ಜಿಗಳಲ್ಲಿ ಜಾತಿಗೊಂದು ಅಂಕಿ ಇರುತ್ತಿತ್ತು. ನಾನು ವರ್ಗದ ಎರಡಕ್ಷರ ಮಾತ್ರ ಮುದ್ರಿಸಿದ್ದೆ. ಅವರು ಕಾಗದ ನೋಡಿ ಮೂಗು ಮುರಿದರು.

"ಎಸ್‌ಸಿ ಅಂತ ಬರದ್ರ ಯಾರಂತ ತಿಳೀಬೇಕು? ಅದರಾಗ ನೂರಾ ಎಂಟು ಮಂದಿ ಇರ್ತಾರ. ಹೆಸರಿನ ಬಾಜೂಕ ಬಿಡಿಸಿ ಬರಿ. ಹಳೇ ರಿಜಿಸ್ಟರ್‌ನಾಗ ಎಲ್ಲಾ ಅದ, ನೋಡಿಕೊಂಡು ಹಾಕು."

ಆ ರಿಜಿಸ್ಟರ್ ಯಾವ ಕಾಲದ್ದೋ. ಹಾಳೆಗಳು ಹಳದಿಯಾಗಿ, ಇಲಿ ಹಿಕ್ಕೆಯ ವಾಸನೆ ಬರುತ್ತಿತ್ತು. ಅದರಲ್ಲಿ ಒಂದೊಂದು ಜಾತಿಗೂ ಒಂದು ಅಂಕಿ, ಎದುರಿಗೆ ಅದರ ಹೆಸರು. ನಮ್ಮ ಜಾತಿಯ ಅಂಕಿಯ ಎದುರಿಗೆ ಸರ್ಕಾರ ಒಪ್ಪಿದ ಹೆಸರಿರಲಿಲ್ಲ. ಬೇರೆಯದಿತ್ತು. ಅದನ್ನು ನಾನಿಲ್ಲಿ ಬರೆಯುವುದಿಲ್ಲ. ಓದುವವರಲ್ಲಿ ಕೆಲವರಿಗೆ ಅದು ಗೊತ್ತಿರುತ್ತದೆ, ಕೆಲವರು ಬಳಸಿಯೂ ಇರುತ್ತಾರೆ. ಎಪ್ಪತ್ತರ ದಶಕದಲ್ಲಿ ನಾನು ಕಲ್ಲೂರಿನಲ್ಲಿ ಶಾಲೆಗೆ ಹೋಗುತ್ತಿದ್ದಾಗ ಅವ್ವನನ್ನು ಕೆಲಸಕ್ಕೆ ಕರೆಯಲು ಬಂದವರು ಕೇರಿಯ ಬಾಯಲ್ಲೇ ನಿಂತು ಆ ಪದ ಹಿಡಿದು ಕೂಗುತ್ತಿದ್ದರು. ಅವ್ವನಿಗೆ ಒಂದು ಹೆಸರಿದೆ ಎನ್ನುವುದನ್ನು ಅವರ ಬಾಯಲ್ಲಿ ನಾನು ಒಮ್ಮೆಯೂ ಕೇಳಲಿಲ್ಲ.

ನಾನು ರಿಜಿಸ್ಟರ್ ಪಕ್ಕದಲ್ಲಿಟ್ಟುಕೊಂಡು ಆ ಹೆಸರುಗಳನ್ನೆಲ್ಲ ಒಂದೊಂದಾಗಿ ರೂಟೀನಿನೊಳಗೆ ತುಂಬುತ್ತ ಹೋದೆ. ನಮ್ಮದು ಬಂದಾಗ ಬೆರಳು ನಿಂತಿತು.

"ಯಾಕ ಬೇಟಿ, ನಿಂತುಬಿಟ್ಟಿ?" ಎಂದರು ಆಪಾ.

"ಏನಿಲ್ಲ ಆಪಾ. ಸ್ಪೆಲ್ಲಿಂಗ್ ನೋಡಾಕತ್ತೀನಿ."

ಸ್ಪೆಲ್ಲಿಂಗ್ ನೋಡಲು ಅದರಲ್ಲೇನಿತ್ತು? ಕಾಯಂ ಆಗಿಲ್ಲದ ಕೆಲಸ, ಮೇಲಧಿಕಾರಿಯ ಮಾತು, ನನ್ನ ಜಾತಿಯನ್ನು ಆ ಕೋಣೆಯಲ್ಲಿ ಯಾರೂ ಬಾಯಿಬಿಟ್ಟು ಕೇಳಿರಲಿಲ್ಲವೆಂಬ ಒಂದು ಹೇಡಿ ಸಮಾಧಾನ. ಎದ್ದು ಹೋಗಿ "ಇದು ತಪ್ಪು ಪದ ಸರ್" ಎಂದರೆ, "ನಿನಗ್ಯಾಕ ಅಷ್ಟು ಚುಚ್ಚತದ?" ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಹೆದರಿ ನಾನು ಆ ಅಕ್ಷರಗಳನ್ನು ಒತ್ತಿದೆ. ಒತ್ತಿ ಮುಂದಿನ ಹೆಸರಿಗೆ ಹೋದೆ.

ನನ್ನ ಅಕ್ಕನನ್ನು ದೇವದುರ್ಗಕ್ಕೆ ಕೊಟ್ಟಿದ್ದೆವು. ಅಕ್ಕ ಏಳನೆಯ ತರಗತಿಯವರೆಗೆ ಓದಿದ್ದಳು, ಅಕ್ಷರ ದುಂಡಗೆ ಬರೆಯುತ್ತಿದ್ದಳು. ಅಂಗನವಾಡಿ ಕೆಲಸಕ್ಕೆ ಅರ್ಜಿ ಹಾಕೆಂದು ಬೆನ್ನು ಬಿದ್ದು ಹಾಕಿಸಿದವಳು ನಾನೇ. ಅವಳಿಗೆ ನಂಬಿಕೆಯಿರಲಿಲ್ಲ. "ನಮ್ಮಂಥೋರ ಅರ್ಜಿ ಕೆಳಗ ಹಾಕಿಬಿಡ್ತಾರ, ಹೋಗ" ಎಂದಿದ್ದಳು. "ಈಗ ಪಟ್ಟಿ ಮಾಡೋದು ಮಿಷನ್ ಅಕ್ಕಾ. ಅದಕ್ಕ ಮಾರಿ ನೋಡಾಕ ಬರಂಗಿಲ್ಲ, ಕೇರಿ ಯಾವುದು ಅಂತ ಕೇಳಾಕ ಬರಂಗಿಲ್ಲ" ಎಂದು ನಾನು ದೊಡ್ಡದಾಗಿ ಹೇಳಿ ಬಂದಿದ್ದೆ.

ಅಂಗನವಾಡಿಯ ಪಟ್ಟಿ ಮುದ್ರಿಸಿದ ದಿನ ನಾನು ಅದನ್ನು ಪೂರ್ತಿ ನೋಡಲಿಲ್ಲ. ಊರಿನ ಹೆಸರುಗಳು ಕತ್ತರಿಸಿವೆಯೇ ಎಂದು ಬಲಗಡೆಯ ಅಂಚನ್ನಷ್ಟೇ ನೋಡಿದೆ. ಒಂದೂ ಕತ್ತರಿಸಿರಲಿಲ್ಲ. ಆಪಾ ಗಂಟು ಕಟ್ಟಿದರು. ಅದು ಬಸ್ಸಿನಲ್ಲಿ ದೇವದುರ್ಗಕ್ಕೆ ಹೋಯಿತು.

ಮುಂದಿನ ಭಾನುವಾರ ಮಧ್ಯಾಹ್ನ ಅಕ್ಕ ನನ್ನ ಬಾಡಿಗೆ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಬರುತ್ತೇನೆಂದು ಹೇಳಿ ಕಳಿಸಿರಲಿಲ್ಲ. ನಡುದಾರಿಯ ಗಬ್ಬೂರಿನವರೆಗೂ ಬಸ್ಸಿನಲ್ಲಿ ನಿಂತೇ ಬಂದಳಂತೆ. ನೀರು ಕೊಟ್ಟೆ, ಕುಡಿಯಲಿಲ್ಲ. ಚೊಂಬನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು.

"ಪಟ್ಟಿ ಹಚ್ಚ್ಯಾರ" ಎಂದಳು.

"ನಿನ್ನ ಹೆಸರು ಬಂದದೇನು?"

"ಬಂದದ. ಬರಬಾರದಿತ್ತು."

ಆಮೇಲೆ ನಿಧಾನವಾಗಿ ಹೇಳಿದಳು. "ಕಚೇರಿ ಗ್ವಾಡಿಗಿ ಹಚ್ಚಿದ್ರು. ಎಲ್ಲಾ ಇಂಗ್ಲಿಷ್‌ನಾಗ. ನಮಗೆಲ್ಲಿ ತಿಳೀತದ? ಅರ್ಜಿ ಬರಕೊಡೋ ಒಬ್ಬಾಂವ ಅಲ್ಲೇ ಕುಂತಿರ್ತಾನ, ಅಂವ ಎದ್ದು ಬಂದು ಎಲ್ಲರಿಗೂ ಓದಿ ಹೇಳಾಕ ನಿಂತ. ಹೆಸರು, ಗಂಡನ ಹೆಸರು, ಬಾಜೂಕ ಜಾತಿ. ದೊಡ್ಡ ಮನಿ ಹೆಣ್ಮಕ್ಕಳ ಹೆಸರು ಬಂದಾಗ ಜಾತೀನೂ ಮರ್ಯಾದಿ ಕೊಟ್ಟಂಗ ಓದಿದ. ನನ್ನ ಹೆಸರು ಬಂತು. ಅಂವ ತಡದ. ನಕ್ಕ. ನಕ್ಕೋಂತ ಆ ಮಾತು ಓದಿದ."

ನಾನು ಎದ್ದು ಬಾಗಿಲು ಮುಂದೆ ಮಾಡಿ ಬಂದೆ.

"ಹಿಂದ ನಿಂತಿದ್ದ ಒಬ್ಬಾಂವ, ಕೇಳಸಲಿಲ್ಲ, ಇನ್ನೊಮ್ಮೆ ಓದು ಅಂದ. ಅಂವ ಮತ್ತ ಓದಿದ. ಆಮ್ಯಾಲ ಮತ್ತೊಬ್ಬಾಂವ ಹಂಗೇ ಅಂದ. ಮೂರು ಸಲ ಓದಿಸಿದ್ರು. ನನ್ನ ಜೋಡಿ ನಮ್ಮ ಕೇರಿಯಾಕಿ ಇನ್ನೊಬ್ಬಾಕಿ ಬಂದಿದ್ಲು. ತನ್ನ ಹೆಸರು ಬರೋಕಿಂತ ಮೊದಲೇ ಮಾರಿ ಮುಚಗೊಂಡು ಹೋಗಿಬಿಟ್ಲು."

ಅವಳು ಚೊಂಬನ್ನು ನೆಲಕ್ಕಿಟ್ಟು ನನ್ನ ಮುಖ ನೋಡಿದಳು.

"ಮಂದಿ ಅಂದ್ರ ತಡಕೋತೀನಿ. ಹುಟ್ಟಿದಾಗಿಂದ ಕೇಳೀನಿ. ಆದ್ರ ಅದಕ್ಕ ಮಾರಿ ನೋಡಾಕ ಬರಂಗಿಲ್ಲ ಅಂದಿದ್ದಿಯಲ್ಲ ನೀನು? ನಿಮ್ಮ ಮಿಷನ್ನಿಗೆ ಆ ಮಾತು ಯಾರು ಕಲಿಸಿದ್ರು?"

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಅದನ್ನು ಹಾಗೇ ನುಂಗಿದೆ. "ನೋಡ್ತೀನಿ ಅಕ್ಕಾ, ಕೇಳ್ತೀನಿ ಆಫೀಸಿನಾಗ" ಎಂದೆ. ಯಾರೋ ಮಾಡಿದ ಕೆಲಸವನ್ನು ಯಾರೋ ವಿಚಾರಿಸುವ ಧ್ವನಿಯಲ್ಲಿ ಹೇಳಿದೆ. ರೊಟ್ಟಿ, ಪುಂಡಿಪಲ್ಲೆ ಬಡಿಸಿದೆ. ಅವಳು ಅರ್ಧ ರೊಟ್ಟಿ ತಿಂದು ಎದ್ದಳು. ಸಂಜೆಯ ಬಸ್ಸಿಗೆ ಹತ್ತಿಸಿ ಬಂದ ಮೇಲೆ ಉಳಿದ ರೊಟ್ಟಿಯನ್ನು ಬಾಯಿಗಿಟ್ಟುಕೊಂಡೆ. ಒಳಗೆ ಇಳಿಯಲಿಲ್ಲ. ಬಚ್ಚಲಿಗೆ ಹೋಗಿ ಉಗುಳಿದೆ. ಆ ದಿನ ನನಗೆ ಬಂದ ವಾಕರಿಕೆ ಅರ್ಜಿ ಬರೆಯುವವನ ಮೇಲಿನದಲ್ಲ. ಅವನ ಬಾಯಿಗೆ ಅನ್ನ ಕಲಸಿ ಇಟ್ಟವಳು ನಾನು.

ಸೋಮವಾರ ಬೆಳಿಗ್ಗೆ ಮೇಲಧಿಕಾರಿಯ ಮನೆಯಿಂದ ಬೀಗದ ಕೈ ತಂದು, ಎಲ್ಲರಿಗಿಂತ ಮೊದಲು ಹೋಗಿ ರೂಟೀನನ್ನು ಬಿಚ್ಚಿ ನೋಡಿದೆ. ತಪ್ಪು ಕಾಣಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅರ್ಜಿಯಲ್ಲಿ ಜಾತಿಯ ಅಂಕಿಯಿದ್ದರೆ ರೂಟೀನ್ ಅದರ ಪದ ಹುಡುಕಿ ಹೆಸರಿನ ಪಕ್ಕ ಇಡುತ್ತಿತ್ತು. ತನ್ನನ್ನು ಕರೆದದ್ದು ಯಾವ ಪ್ರೋಗ್ರಾಂ, ಅದಕ್ಕೆ ಜಾತಿ ಬೇಕೋ ಬೇಡವೋ ಎಂದು ಅದು ಕೇಳುತ್ತಿರಲಿಲ್ಲ. ಕೇಳಬೇಕೆಂದು ನಾನು ಬರೆದಿರಲಿಲ್ಲ. ಹಾಸ್ಟೆಲ್ಲಿಗಾಗಿ ತುಂಬಿದ ವಿಷ ನೀರಿನ ಪಟ್ಟಿಗೂ ಅಂಗನವಾಡಿಯ ಪಟ್ಟಿಗೂ ತಾನೇ ಹರಿದಿತ್ತು. ಪರೀಕ್ಷೆ ಮಾಡುವಾಗ ನಾನು ಆ ಅಂಕಿಯ ಜಾಗವನ್ನು ಖಾಲಿ ಬಿಟ್ಟಿದ್ದೆ. ಅದಕ್ಕೇ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಆ ಪದವನ್ನು ಮತ್ತೆ ನೋಡುವುದು ಬೇಡವೆಂದೇ ಖಾಲಿ ಬಿಟ್ಟಿದ್ದೆನೇನೋ.

ಮೇಲಧಿಕಾರಿ ಹನ್ನೊಂದಕ್ಕೆ ಬಂದರು. ಅವರು ಮೇಜಿನ ಮೇಲೆ ಹಳೆಯ ಮುದ್ರಣದ ಕಾಗದ ಹರಡಿಕೊಂಡು ಒಗ್ಗರಣಿ ಮಿರ್ಚಿ ತಿನ್ನುವುದು ರೂಢಿ. ಆ ದಿನ ಹರಡಿಕೊಂಡಿದ್ದು ದೇವದುರ್ಗದ ಪಟ್ಟಿಯ ಇನ್ನೊಂದು ಪ್ರತಿ. ಮಿರ್ಚಿಯ ಎಣ್ಣೆ ಹೆಂಗಸರ ಹೆಸರುಗಳ ಮೇಲೆ ಹರಡಿ ಕಾಗದ ಪಾರದರ್ಶಕವಾಗಿತ್ತು.

"ಸರ್, ಅಂಗನವಾಡಿ ಪಟ್ಟಿಯೊಳಗ ಜಾತಿ ಬಂದುಬಿಟ್ಟದ. ಅವರು ಕೇಳಿರಲಿಲ್ಲ. ಅದೂ ಕೆಟ್ಟ ಪದ ಸರ್ ಅದು. ತೆಗೀತೀನಿ."

"ಯಾಕ ತೆಗೀತಿ?" ಅವರು ಬೆರಳು ನೆಕ್ಕಿದರು. "ಆ ಇಲಾಖೆಯವರು ಖುಷಿ ಆಗ್ಯಾರ. ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟೀರಿ ಅಂದ್ರು. ಮೂರೂ ಪ್ರೋಗ್ರಾಂನಾಗ ಒಂದೇ ನಮೂನಿ ಬರ್ತದಲ್ಲ, ಅದೇ ನೋಡು ನಿನ್ನ ಶ್ಯಾಣ್ಯಾತನ."

"ಮಂದಿ ಅದನ್ನ ಓದಿ ನಗ್ಯಾಡ್ಯಾರ ಸರ್."

"ನಗಲಿ ಬಿಡು. ಇಲ್ಲದ್ದೇನು ಬರದೀವಿ? ಊರಿಗೆಲ್ಲಾ ಗೊತ್ತಿದ್ದದ್ದೇ." ಇನ್ನೊಂದು ಮಿರ್ಚಿ ಮುರಿದು, ನನ್ನತ್ತ ನೋಡಿ ನಕ್ಕರು. "ನೀ ಯಾಕ ಮನಸ್ಸಿಗೆ ಹಚ್ಚಿಕೋತಿ? ನಿನ್ನಂಥೋರು ಬ್ಯಾರೆ. ನೀ ಕಲ್ತಾಕಿ."

ಅಂದರೆ ಅವರಿಗೆ ಗೊತ್ತಿತ್ತು. ಮೊದಲಿನಿಂದಲೂ. ರಿಜಿಸ್ಟರ್ ಕೊಟ್ಟು, ನೋಡಿಕೊಂಡು ಹಾಕು ಎಂದಾಗಲೂ ಗೊತ್ತಿತ್ತು. ಅವರ ಹೊಗಳಿಕೆ ಬಾಯಲ್ಲಿ ಕೂದಲು ಸಿಕ್ಕಂತೆ ಉಳಿದುಕೊಂಡಿತು.

ನಾನು ಅವರ ಅಪ್ಪಣೆಗೆ ಕಾಯಲಿಲ್ಲ. ಅವರು ಮಧ್ಯಾಹ್ನ ಮನೆಗೆ ಹೋದಾಗ ರೂಟೀನನ್ನು ತಿದ್ದಿದೆ. ಪ್ರೋಗ್ರಾಂ ತಾನಾಗಿ ಕೇಳಿದರೆ ಮಾತ್ರ ವರ್ಗದ ಎರಡಕ್ಷರ ಮುದ್ರಿಸಬೇಕು. ಕೇಳದಿದ್ದರೆ ಹೆಸರು, ಊರು, ಅಷ್ಟೆ. ರಿಜಿಸ್ಟರಿನಿಂದ ತುಂಬಿದ್ದ ಪದಗಳನ್ನೆಲ್ಲ ಅಳಿಸಿದೆ. ನಮ್ಮದನ್ನು ಮಾತ್ರವಲ್ಲ, ಎಲ್ಲರದನ್ನೂ. ಆದರೆ ರೂಟೀನ್ ತಿದ್ದಿದರಷ್ಟೇ ಸಾಲದು. ನಮ್ಮ ಯಂತ್ರದಲ್ಲಿ ಒಂದೊಂದು ಪ್ರೋಗ್ರಾಂ ತಯಾರಾಗುವಾಗಲೂ ರೂಟೀನಿನ ಒಂದು ನಕಲು ಅದರ ಹೊಟ್ಟೆ ಸೇರುತ್ತಿತ್ತು. ಹಾಗಾಗಿ ಮೂರನ್ನೂ ಹೊಸದಾಗಿ ಕೂಡಿಸಿ ತಯಾರು ಮಾಡಬೇಕು. ಮಾಡಿದೆ. ಆಪಾ ಬಾಗಿಲಿಗೆ ಬೆನ್ನು ಹಚ್ಚಿ ನಿಂತಿದ್ದರು, ಯಾರಾದರೂ ಬಂದರೆ ಕೆಮ್ಮಲು.

"ಏನ್ ಕಿತ್ತು ಒಗದಿ?" ಎಂದು ಕೇಳಿದರು. ಹೇಳಿದೆ. ನಾನು ಯಾರೆಂದೂ ಹೇಳಿದೆ. ಅವರು ಹೂಂ ಎಂದರು. "ನಾನು ಅಂಕಿ ತುಂಬೀನಿ ಬೇಟಿ. ನನ್ನ ಕೈಯೂ ಅದರಾಗದ" ಎಂದರು.

ಅಲ್ಲಿಗೆ ಮುಗಿಯಿತೆಂದುಕೊಂಡೆ. ಎರಡು ವಾರದ ಮೇಲೆ ಅವ್ವನಿಗೆ ಜ್ವರವೆಂದು ನಾಲ್ಕು ದಿನ ರಜೆ ಹಾಕಿ ಕಲ್ಲೂರಿಗೆ ಹೋದೆ. ತಿರುಗಿ ಬಂದಾಗ ಆಪಾ ಮೆಟ್ಟಿಲ ಕೆಳಗೇ, ಆ ಕೆಂಪು ಗೋಡೆಯ ಹತ್ತಿರ ನನಗಾಗಿ ನಿಂತಿದ್ದರು.

"ಮಾನ್ವಿ ನಳದ ಪಟ್ಟಿ ಹೋಗ್ಯಾದ. ಹಳೇದು."

"ಹಳೇದು ಎಲ್ಲಿಂದ ಬಂತು ಆಪಾ? ನಾನು ಮೂರೂ ತಿದ್ದೀನಲ್ಲ?"

"ಸಾಹೇಬ್ರ ಕಪಾಟಿನಾಗ ಹಳೇ ಡಿಸ್ಕ್ ಇತ್ತಂತ. ಹೊಸಾದ್ರಾಗ ಜಾತಿ ಬರವಲ್ದು, ಕೆಟ್ಟದ, ಇದನ್ನ ಹಾಕು ಅಂದ್ರು. ಬ್ಯಾಡ್ರೀ ಅಂದೆ. ಅವರೇ ನಿಂತು ಹಾಕಿಸಿದ್ರು."

ಹೊಸ ರೂಟೀನ್ ನನ್ನ ಹತ್ತಿರ ಶುದ್ಧವಾಗಿ ಕುಳಿತಿತ್ತು. ಹಳೆಯ ಪ್ರೋಗ್ರಾಂ ತನ್ನ ಹೊಟ್ಟೆಯೊಳಗೆ ಹಳೆಯ ನಕಲನ್ನು ಇಟ್ಟುಕೊಂಡು ಕಪಾಟಿನಲ್ಲಿ ಬದುಕಿತ್ತು. ನಾನು ಮೂಲ ತಿದ್ದಿದ್ದೆ, ಹಂಚಿಹೋದದ್ದು ಹಂಚಿಹೋಗಿತ್ತು.

ಆ ದಿನ ನಾನು ಮೆಟ್ಟಿಲು ಹತ್ತಿ, ತಿದ್ದಿದ ಪ್ರೋಗ್ರಾಂನಿಂದ ನಳದ ಪಟ್ಟಿಯನ್ನು ಮತ್ತೊಮ್ಮೆ ಮುದ್ರಿಸಿ, ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಸ್ ನಿಲ್ದಾಣಕ್ಕೆ ನಡೆದೆ. ಮೇಲಧಿಕಾರಿ ಎಲ್ಲಿಗೆಂದು ಕೇಳಿದರು. ನಾನು ಚಪ್ಪಲಿ ಮೆಟ್ಟಿಕೊಂಡೆ. ಬಸ್ಸು ಕಲ್ಲೂರಿನಲ್ಲಿ ನಿಂತಾಗ ಅವ್ವನ ಜ್ವರ ನೆನಪಾಯಿತು, ಇಳಿಯಲಿಲ್ಲ.

ಮಾನ್ವಿಯ ಕಚೇರಿಯ ಹೊರಗೋಡೆಗೆ ಪಟ್ಟಿ ಅಂಟಿಸಿದ್ದರು. ನೀರಿನ ನಳ ಬೇಕೆಂದು ಕೇಳಿದ ಊರುಗಳ ಜನ, ಒಬ್ಬೊಬ್ಬರ ಪಕ್ಕದಲ್ಲೂ ಒಂದೊಂದು ಪದ. ಯಾರೋ ನಮ್ಮ ಪದದ ಮೇಲೆಲ್ಲ ಪೆನ್ಸಿಲಿನಿಂದ ದುಂಡಗೆ ಗುರುತು ಹಾಕುತ್ತ ಹೋಗಿದ್ದರು. ಎಷ್ಟು ಶ್ರದ್ಧೆಯಿಂದ ಹಾಕಿದ್ದರೆಂದರೆ ಒಂದೂ ತಪ್ಪಿರಲಿಲ್ಲ.

ಪಕ್ಕದ ಹೋಟೆಲಿನಿಂದ ಮೈದಾ ಅಂಟು ಕೇಳಿ ತಂದು ಹಳೆಯ ಪಟ್ಟಿಯ ಮೇಲೆ ಹೊಸದನ್ನು ಅಂಟಿಸಿದೆ. ಕಾಗದ ತೆಳುವಾಗಿತ್ತು. ಅಂಟಿನ ತೇವಕ್ಕೆ ಕೆಳಗಿನ ಕಪ್ಪು ಅಕ್ಷರಗಳು ಮೇಲೆದ್ದು ಕಂಡವು. ನಾನು ಹೆಸರು ಮಾತ್ರ ಮುದ್ರಿಸಿ ತಂದಿದ್ದೆ, ಅದರ ಪಕ್ಕದ ಖಾಲಿ ಜಾಗದಲ್ಲಿ ಆ ಪದ ಒದ್ದೆಯಾಗಿ ಹೊಳೆಯುತ್ತಿತ್ತು. ಹೊಸದನ್ನು ಕಿತ್ತು ಪಕ್ಕಕ್ಕಿಟ್ಟು, ಹಳೆಯದನ್ನು ಉಗುರಿನಿಂದ ಕೆರೆಯತೊಡಗಿದೆ. ಚೂರು ಚೂರಾಗಿ ಬಂತು. ಉಗುರಿನ ಸಂದಿಯಲ್ಲೆಲ್ಲ ಮೈದಾ, ಕಾಗದದ ಪುಡಿ, ಗೋಡೆಯ ಸುಣ್ಣ.

ಒಳಗಿನಿಂದ ಒಬ್ಬ ಗುಮಾಸ್ತರು ಬಂದರು. "ಏ, ಯಾರು ನೀನು? ಯಾರನ್ನ ಕೇಳಿ ಕೀಳಾಕತ್ತಿ?"

"ರಾಯಚೂರು ಕಂಪ್ಯೂಟರ್ ಆಫೀಸಿನಿಂದ ಬಂದೀನ್ರೀ. ಇದು ತಪ್ಪು ಪಟ್ಟಿ. ತಿದ್ದಿದ್ದು ತಂದೀನಿ."

"ತಪ್ಪು ಹೆಂಗ ಆತು? ಮಿಷನ್ ತಪ್ಪು ಮಾಡ್ತದೇನು?"

"ಮಾಡ್ತದ್ರೀ" ಎಂದೆ. "ಮಿಷನ್ ತಪ್ಪು."

ಅವರು ತಲೆಯಾಡಿಸಿ ಒಳಗೆ ಹೋದರು. ಅಷ್ಟು ಸಲೀಸಾಗಿ ನಂಬಿದರು. ನಾನು ಅಷ್ಟು ಸಲೀಸಾಗಿ ಹೇಳಿದ್ದೆ. ಗೋಡೆ ಕೆರೆದು ಮುಗಿಸಿ, ಹೊಸ ಪಟ್ಟಿ ಅಂಟಿಸಿ, ಅಂಗೈಯಿಂದ ಸವರುತ್ತಿದ್ದಾಗ ಒಬ್ಬ ಮುದುಕಿ ಬಂದು, ತನ್ನ ಊರು ಹೇಳಿ, ತನ್ನ ಹೆಸರಿದೆಯೇ ನೋಡೆಂದಳು. ಇತ್ತು. ಓದಿದೆ. ಆಕೆ ಇನ್ನೂ ನಿಂತೇ ಇದ್ದಳು.

"ಅಷ್ಟೇ ಏನು ಬೇ? ನಿನ್ನೆ ಓದಿದಾಂವ ಇನ್ನೇನೇನೋ ಓದಿದ್ನಲ್ಲ."

"ಅಷ್ಟೇ ಯವ್ವಾ. ಹೆಸರು, ಊರು. ಬ್ಯಾರೆ ಏನೂ ಇಲ್ಲ."

ಆಕೆ ನನ್ನನ್ನು ಅನುಮಾನದಿಂದ ನೋಡಿದಳು. ನಿನ್ನೆ ಓದಿದವನಿಗೆ ಹೆಚ್ಚು ಅಕ್ಷರ ಗೊತ್ತಿತ್ತೆಂದು ಅನ್ನಿಸಿರಬೇಕು. ಗೋಡೆಯನ್ನು ಇನ್ನೊಮ್ಮೆ ನೋಡಿ ಹೋದಳು.

ಅಲ್ಲಿಂದ ಸಿರವಾರಕ್ಕೆ ಬಂದು ಬಸ್ಸು ಬದಲಿಸಿ ದೇವದುರ್ಗಕ್ಕೆ ಹೋದೆ. ಅಲ್ಲಿನ ಕಚೇರಿಯ ಗೋಡೆಯಿಂದ ಅಂಗನವಾಡಿಯ ಪಟ್ಟಿಯನ್ನು ಆಗಲೇ ತೆಗೆದಿದ್ದರು. ಕೈ ತೊಳೆಯಲು ಎಲ್ಲೂ ಪುರಸೊತ್ತಾಗಿರಲಿಲ್ಲ. ಅಕ್ಕ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟು ನನ್ನ ಉಗುರು ನೋಡಿದಳು.

"ಏನದು ಕೈಯಾಗ?"

ಎಲ್ಲವನ್ನೂ ಹೇಳಿದೆ. ಮೂರು ಪ್ರೋಗ್ರಾಂ, ಒಂದು ರೂಟೀನ್, ರಿಜಿಸ್ಟರ್. ಅವಳಿಗೆ ತಿಳಿಯುವಂತೆ ಬಿಡಿಸಿ ಬಿಡಿಸಿ ಹೇಳುತ್ತ ಹೋದೆ. ಅವಳು ನಡುವೆಯೇ ತಡೆದಳು.

"ಅದೆಲ್ಲ ಇರಲಿ. ಆ ಮಾತು ಅದರೊಳಗ ಯಾರು ಬರದ್ರು?"

"ನಾನೇ ಅಕ್ಕಾ."

"ಬರಿಯೋ ಮುಂದ ನಿನಗ ಗೊತ್ತಿತ್ತು, ಅದು ಯಾರಿಗೆ ಅನ್ನೋ ಮಾತಂತ?"

"ಗೊತ್ತಿತ್ತು."

"ಅವ್ವನ್ನ ನೆನಸಿಕೊಂಡಿ?"

ನಾನು ನೆನೆಸಿಕೊಂಡಿದ್ದೆ. ಅದನ್ನೂ ಹೇಳಿದೆ. ಅಕ್ಕ ಅಳಲಿಲ್ಲ, ಬೈಯಲಿಲ್ಲ. ಅವಳ ಮುಖದಲ್ಲಿ ಕಂಡದ್ದು ಸಿಟ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅನ್ನದಲ್ಲಿ ಹುಳ ಕಂಡವರು ತಟ್ಟೆಯನ್ನು ದೂರ ಸರಿಸುವಾಗಿನ ಮುಖ ಅದು. "ಅಂವ ಮೂರು ಸಲ ಓದಿದ. ನೀ ಒಂದೇ ಸಲ ಬರದಿ. ಎಲ್ಲಾ ಕಡೆ ಆತು" ಎಂದಳು. ಮೊರ ಎತ್ತಿಕೊಂಡು ಒಳಗೆ ಹೋದಳು. ನಾನು ಕೊನೆಯ ಬಸ್ಸು ಹಿಡಿದೆ.

ಅಪ್ಪಣೆಯಿಲ್ಲದೆ ಪ್ರೋಗ್ರಾಂ ಬದಲಿಸಿದ್ದಕ್ಕೂ, ಅಪ್ಪಣೆಯಿಲ್ಲದೆ ಕಚೇರಿ ಬಿಟ್ಟು ಹೋಗಿದ್ದಕ್ಕೂ ಮೇಲಧಿಕಾರಿ ನನಗೆ ಮೆಮೊ ಕೊಟ್ಟರು. ಆ ಪದವನ್ನು ಅದರಲ್ಲಿ ಅವರು ಬರೆದಿರಲಿಲ್ಲ. ‘ಸದರಿ ವಿವರ’ ಎಂದಿದ್ದರು. ನಾನು ಉತ್ತರ ಬರೆಯುವಾಗ ‘ಸದರಿ ವಿವರ’ ಯಾವುದೆಂದು ಅಕ್ಷರ ಅಕ್ಷರವಾಗಿ ಬರೆದೆ. ಅದನ್ನು ಮೇಲಿನವರಿಗೆ ಕಳಿಸಬೇಕಾದರೆ ಅದರ ಕೆಳಗೆ ಅವರು ಸಹಿ ಮಾಡಬೇಕಿತ್ತು. ಮಾಡಲಿಲ್ಲ. ಮೆಮೊ ಅವರ ಮೇಜಿನ ಖಾನೆಯಲ್ಲೇ ಉಳಿಯಿತು. ಹಳೆಯ ಡಿಸ್ಕನ್ನು ಆಪಾ ಒಂದು ದಿನ ನನ್ನ ಮೇಜಿನ ಮೇಲೆ ಇಟ್ಟು ಹೋದರು, ಎರಡಾಗಿ ಮಡಚಿ. "ಬಿದ್ದು ಮುರೀತು" ಎಂದರು. ತಿದ್ದಿದ ರೂಟೀನೇ ಉಳಿಯಿತು. ಪದ ಹೋಯಿತೆಂದು ಯಾವ ಇಲಾಖೆಯೂ ಕೇಳಲಿಲ್ಲ. ಯಾರಿಗೂ ಬೇಕಿಲ್ಲದ್ದನ್ನೇ ಅಷ್ಟು ಕಷ್ಟಪಟ್ಟು ಹೊಂದಿಸಿ ಕೊಟ್ಟಿದ್ದೆನೆಂದು ತಿಳಿದಾಗ ಹೇಸಿಗೆ ಇನ್ನೂ ಹೆಚ್ಚಾಯಿತು. ಕೆಲವು ತಿಂಗಳ ನಂತರ ಮೇಲಧಿಕಾರಿ ವರ್ಗವಾಗಿ ಹೋಗುವಾಗ ಹಾರ ಹಾಕಿ ಕಳಿಸಿಕೊಟ್ಟೆವು. ಮೂರು ಪ್ರೋಗ್ರಾಂಗಳಿಗೆ ಒಂದೇ ರೂಟೀನ್ ಎನ್ನುವ ಪದ್ಧತಿ ತಮ್ಮ ಕಾಲದಲ್ಲಿ ಬಂತೆಂದು ಭಾಷಣದಲ್ಲಿ ಹೇಳಿದರು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ, ಎಲ್ಲರೂ ನೋಡುತ್ತಿದ್ದರು.

ಅಕ್ಕನಿಗೆ ಕೆಲಸ ಸಿಕ್ಕಿತು. ಸುದ್ದಿಯನ್ನು ನನಗೆ ತಿಳಿಸಿದ್ದು ಅವ್ವ. ಆರೇಳು ತಿಂಗಳು ಅಕ್ಕ ನನ್ನ ಕೋಣೆಗೆ ಬರಲಿಲ್ಲ; ನಾನು ದೇವದುರ್ಗಕ್ಕೆ ಹೋದರೆ ಊಟಕ್ಕೆ ಬಡಿಸುತ್ತಿದ್ದಳು, ಮಾತು ಬಡಿಸುತ್ತಿರಲಿಲ್ಲ. ಆಮೇಲೆ ಅವಳಿಗೆ ರಾಯಚೂರಿನಲ್ಲಿ ತರಬೇತಿ ಬಂತು. ಒಂದು ಮಧ್ಯಾಹ್ನ ತಾನಾಗಿಯೇ ನಮ್ಮ ಕಚೇರಿಗೆ ಬಂದಳು. ಸೀರೆಗೆ ಪಿನ್ನು ಹಾಕಿಕೊಂಡಿದ್ದಳು, ಕೈಯಲ್ಲಿ ಚೀಲ. ಆಪಾ ಎದ್ದು ತಮ್ಮ ಕುರ್ಚಿ ಕೊಟ್ಟರು.

"ಆ ಮಾತು ಎಲ್ಲಿತ್ತು? ತೋರಸು" ಎಂದಳು ಅಕ್ಕ.

ಈಗ ಇಲ್ಲ ಎಂದೆ. ಮೊದಲು ಎಲ್ಲಿತ್ತೋ ಅದನ್ನೇ ತೋರಿಸು ಎಂದಳು. ರೂಟೀನಿನ ಹಳೆಯ ಮುದ್ರಣವೊಂದು ನನ್ನ ಕಡತದಲ್ಲಿತ್ತು. ತೆಗೆದು ಮುಂದಿಟ್ಟೆ. ಸಾಲುಗಳ ನಡುವೆ ಬೆರಳಿಟ್ಟು ತೋರಿಸಿದೆ. ಅವಳೂ ಅದರ ಮೇಲೆ ಬೆರಳಿಟ್ಟಳು. ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿಕೊಂಡು, ತುಟಿ ಅಲುಗಿಸುತ್ತ, ಸದ್ದಿಲ್ಲದೆ ಓದಿದಳು. ತರಬೇತಿಯಲ್ಲಿ ಅಷ್ಟು ಕಲಿಸಿದ್ದರು.

"ಇಷ್ಟೇ ಜಾಗ?" ಎಂದಳು.

"ಇಷ್ಟೇ."

ಅವಳು ಬೆರಳೆತ್ತಿ, ಆ ಕೈಯನ್ನು ಸೀರೆಗೆ ತಾಗದಂತೆ ಮೈಯಿಂದ ದೂರ ಹಿಡಿದುಕೊಂಡು ಎದ್ದಳು.

"ಕೈ ತೊಳಕೊಳ್ಳಾಕ ನೀರು ಎಲ್ಲದ ಇಲ್ಲಿ?"

ಮೆಟ್ಟಿಲ ಕೆಳಗೆ ಒಂದು ನಳವಿತ್ತು. ಕರೆದುಕೊಂಡು ಹೋದೆ. ಉಗುಳಿನ ಗೋಡೆ ನೋಡಿ ಅವಳು ಮುಖ ಕಿವುಚಿದಳು, ಆದರೂ ಬಗ್ಗಿ, ನಳ ತಿರುಗಿಸಿ, ಮಣಿಕಟ್ಟಿನವರೆಗೆ ತಿಕ್ಕಿ ತಿಕ್ಕಿ ತೊಳೆದಳು. ನೆಲದಿಂದ ಮಣ್ಣು ತೆಗೆದುಕೊಂಡು ಇನ್ನೊಮ್ಮೆ ತಿಕ್ಕಿದಳು. ಆಮೇಲೆ ಸ್ವಲ್ಪ ಸರಿದು ನನಗೂ ಜಾಗ ಬಿಟ್ಟಳು.

"ನೀನೂ ತೊಳಕೋ" ಎಂದಳು. "ತೊಳಕೊಂಡು ನಡಿ, ಹಸಿವ್ಯಾಗ್ಯಾದ."